ಚೌಕ ಕಂಸದೊಳಗಿನ ಅಕ್ಷರ ಯಾರದು? ಶಾಸನಪಾಠ ಮತ್ತು ಎರಡು ಕಾಲಂನ ಪ್ರಬಂಧ

ಶಾಸನಗಳ ಬಗ್ಗೆ ಈಗ ಇತಿಹಾಸದ ಸಮ್ಮೇಳನಗಳಲ್ಲಿ ಮಾತ್ರವಲ್ಲ, ಎಂಜಿನಿಯರಿಂಗ್ ಸಮ್ಮೇಳನಗಳಲ್ಲೂ ಪ್ರಬಂಧಗಳು ಬರ್ತಾ ಇವೆ. ಕಲ್ಲಿನ ತ್ರೀಡಿ ಸ್ಕ್ಯಾನ್, ಸವೆದ ಅಕ್ಷರಗಳ ಚಿತ್ರ ಸಂಸ್ಕರಣೆ, ಹಳಗನ್ನಡ ಲಿಪಿಯನ್ನು ಕಂಪ್ಯೂಟರ್‌ನಿಂದ ಓದಿಸೋದು, ಹೀಗೆ ವಿಷಯಗಳಿಗೆ ಬರವಿಲ್ಲ. ನಾನು ವೃತ್ತಿಯಿಂದ ಎಂಜಿನಿಯರ್, ಶಾಸನ ಓದೋದನ್ನು ಸ್ವಂತವಾಗಿ ಕಲಿತವನು. ಹಾಗಾಗಿ ಇಂಥ ಪ್ರಬಂಧಗಳನ್ನು ಟೆಂಪ್ಲೇಟಿಗೆ ಹೊಂದಿಸಿ ಕಳಿಸೋ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತೆ. ಸಾಮಾನ್ಯವಾಗಿ ಇದನ್ನು ಕೊನೇ ರಾತ್ರಿಯ ಗುಮಾಸ್ತಗಿರಿ ಅಂತ ತಿಳಿಯುತ್ತೇವೆ. ಶಾಸನದ ವಿಷಯದಲ್ಲಿ ಹಾಗಲ್ಲ. ಶಾಸನಪಾಠದ ಒಂದೊಂದು ಬ್ರ್ಯಾಕೆಟ್ಟೂ, ಅಂದರೆ ಕಂಸವೂ, ಒಂದು ಸಾಕ್ಷಿ ಹೇಳಿಕೆ. ಟೆಂಪ್ಲೇಟಿಗೆ ಹೊಂದಿಸುವಾಗ ಎಲ್ಲಕ್ಕಿಂತ ಮೊದಲು ಕಳೆದುಹೋಗೋದು ಅದೇ.

ಒಂದು ಉದಾಹರಣೆ ನೋಡೋಣ. ಇದು ಯಾವುದೇ ನಿಜವಾದ ಕಲ್ಲಿನದಲ್ಲ, ವಿವರಣೆಗಾಗಿ ಮಾಡಿಕೊಂಡದ್ದು. ಒಂದು ವೀರಗಲ್ಲಿನ ಮೊದಲ ಸಾಲಿನಲ್ಲಿ ರಾಜನ ಹೆಸರು ಇದೆ ಅಂತಿಟ್ಟುಕೊಳ್ಳಿ.

ಶ್ರೀಪುರು[ಷ]
ಶ್ರೀಪುರು[ಷ*]
ಶ್ರೀ[ಪುರುಷ*]

ಭಾರತೀಯ ಶಾಸನಶಾಸ್ತ್ರದ ರೂಢಿಯಲ್ಲಿ ಮೊದಲನೆಯದರ ಅರ್ಥ: ‘ಷ’ ಸವೆದಿದೆ, ಆದರೂ ಕುರುಹು ಕಾಣುತ್ತೆ. ಎರಡನೆಯದು: ‘ಷ’ ಕಲ್ಲಿನಲ್ಲಿಲ್ಲ, ಸಂಪಾದಕರು ತುಂಬಿಸಿದ್ದಾರೆ. ಮೂರನೆಯದರಲ್ಲಿ ಕಲ್ಲು ಹೇಳೋದು ‘ಶ್ರೀ’ ಅಷ್ಟೇ, ಗಂಗರ ಶ್ರೀಪುರುಷನನ್ನು ತಂದು ಕೂರಿಸಿದ್ದು ಸಂಪಾದಕರು. ತೇದಿಯಿಲ್ಲದ ಕಲ್ಲಾದರೆ ಈ ಹೆಸರಿನಿಂದಲೇ ಅದು ಎಂಟನೇ ಶತಮಾನದ್ದು ಅಂತ ಹೇಳ್ತೀವಿ. ಕಂಸ ಮತ್ತು ನಕ್ಷತ್ರಗಳನ್ನು ತೆಗೆದುಬಿಟ್ಟರೆ ಮೂರೂ ಸಾಲು ‘ಶ್ರೀಪುರುಷ’ ಅಂತ ಒಂದೇ ಆಗುತ್ತವೆ. ಕಲ್ಲು ಹೇಳಿದ್ದಕ್ಕೂ ನಾವು ಊಹಿಸಿದ್ದಕ್ಕೂ ಆಮೇಲೆ ವ್ಯತ್ಯಾಸವೇ ಉಳಿಯೋದಿಲ್ಲ.

ಈ ರೂಢಿ ಒಂದು ದಿನದಲ್ಲಿ ಬಂದದ್ದಲ್ಲ. 1872ರಲ್ಲಿ ಜೇಮ್ಸ್ ಬರ್ಜೆಸ್ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆ ಶುರು ಮಾಡಿದರು. ಜೆ. ಎಫ್. ಫ್ಲೀಟ್ ಅದರಲ್ಲಿ ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳನ್ನು ಸಾಲು ಸಾಲಾಗಿ ಪ್ರಕಟಿಸುತ್ತಾ ಹೋದರು. 1888ರಲ್ಲಿ ಗುಪ್ತರ ಶಾಸನಗಳ ಸಂಪುಟ ತಂದರು. ಆ ಹೊತ್ತಿಗೆ ಒಂದು ಶಿಸ್ತು ಗಟ್ಟಿಯಾಗಿತ್ತು: ಕಲ್ಲಿನ ಸಾಲು ಎಲ್ಲಿ ಮುಗಿಯುತ್ತೋ ಅಲ್ಲಿ ಗುರುತು, ಸವೆದದ್ದಕ್ಕೆ ಒಂದು ಚಿಹ್ನೆ, ಬಿಟ್ಟುಹೋದದ್ದನ್ನು ತುಂಬಿದರೆ ಇನ್ನೊಂದು, ಕೆತ್ತಿದವನ ತಪ್ಪನ್ನು ತಿದ್ದಿದರೆ ದುಂಡು ಕಂಸ. ‘ಎಪಿಗ್ರಾಫಿಯಾ ಇಂಡಿಕಾ’ ಇದನ್ನೇ ಮುಂದುವರಿಸಿತು. ಸಂಪಾದಕರಿಂದ ಸಂಪಾದಕರಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇದೆ.

ನಮ್ಮ ಕಡೆ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಆರಂಭಿಸಿದರು. ಇಪ್ಪತ್ತು ವರ್ಷದೊಳಗೆ ಹನ್ನೆರಡು ಸಂಪುಟ, ಸುಮಾರು ಒಂಬತ್ತು ಸಾವಿರ ಶಾಸನ. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಮೂರೂ ಉಂಟು. ಅಷ್ಟು ಶಾಸನಗಳಿಗೂ ಚಿತ್ರಪಟ ಕೊಡೋದು ಆ ಕಾಲದಲ್ಲಿ ಆಗದ ಮಾತು. ಕೆಲವಕ್ಕೆ ಮಾತ್ರ ಕೊಟ್ಟರು. ಆಮೇಲೆ ರಸ್ತೆ ಬಂತು, ಕೆರೆ ಮುಚ್ಚಿತು, ಬಡಾವಣೆ ಎದ್ದಿತು. ಬೆಂಗಳೂರಿನ ಸುತ್ತ ಅವರು ಓದಿಸಿದ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ. ಅಂಥ ಕಲ್ಲುಗಳಿಗೆ ಅಚ್ಚಾದ ಪಾಠವೇ ಉಳಿದಿರೋ ಸಾಕ್ಷಿ. ಅದರಲ್ಲೊಂದು ಕಂಸ ಇದ್ದರೆ ಅದೂ ಸಾಕ್ಷಿ.

ಹಲ್ಮಿಡಿಯ ಕಥೆ ಬೇರೆ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಅದನ್ನು ಪ್ರಕಟಿಸಿದರು. ಶಾಸನದಲ್ಲಿ ತೇದಿಯಿಲ್ಲ. ಸುಮಾರು ಕ್ರಿ.ಶ. 450 ಅಂತ ನಾವು ಹೇಳೋದು ಲಿಪಿ, ಭಾಷೆ, ಉಲ್ಲೇಖಗಳ ಮೇಲೆ ಮಾಡಿದ ತೀರ್ಮಾನ. ಕಾಲದ ಬಗ್ಗೆ, ಓದಿನ ಬಗ್ಗೆ ವಿದ್ವಾಂಸರು ಇವತ್ತಿಗೂ ವಾದ ಮಾಡ್ತಾರೆ. ಕಲ್ಲು ಉಳಿದಿರೋದರಿಂದ ಆ ವಾದ ಸಾಧ್ಯವಾಗಿದೆ. ಕಲ್ಲು ಹೋದಮೇಲೆ ವಾದ ಮಾಡೋಕೆ ಉಳಿಯೋದು ನಾವು ಅಚ್ಚು ಹಾಕಿದ ಪಾಠ ಮಾತ್ರ.

ಇನ್ನು ಪಶ್ಚಿಮದ ರೂಢಿ. ಗ್ರೀಕ್ ಮತ್ತು ಲ್ಯಾಟಿನ್ ಪಠ್ಯಗಳ ಸಂಪಾದಕರು 1931ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಸೇರಿ ಚಿಹ್ನೆಗಳನ್ನು ಒಪ್ಪಿಕೊಂಡರು. ಅಲ್ಲಿ ಚೌಕ ಕಂಸ ಅಂದರೆ ಪೂರ್ತಿ ನಾಶವಾಗಿ ಸಂಪಾದಕರು ತುಂಬಿಸಿದ ಅಕ್ಷರ, ದುಂಡು ಕಂಸ ಅಂದರೆ ಸಂಕ್ಷೇಪವನ್ನು ಬಿಡಿಸಿ ಬರೆದದ್ದು. ಅಂದರೆ ಅದೇ [ಷ] ನಮ್ಮಲ್ಲಿ ‘ಮಸುಕಾಗಿ ಇದೆ’, ಅವರಲ್ಲಿ ‘ಇಲ್ಲವೇ ಇಲ್ಲ’! ಅನುಮಾನದ ಅಕ್ಷರಕ್ಕೆ ಲೈಡನ್ ಪದ್ಧತಿಯಲ್ಲಿ ಕೆಳಗೊಂದು ಚುಕ್ಕಿ ಇಡ್ತಾರೆ. ನಮ್ಮ ರೋಮನ್ ಲಿಪ್ಯಂತರದಲ್ಲಿ ಆ ಕೆಳಚುಕ್ಕಿ ಟ, ಡ, ಣ, ಳಗಳಿಗೆ ಆಗಲೇ ಖರ್ಚಾಗಿದೆ. ಹಾಗಾಗಿ ಚಿಹ್ನೆಗಳ ಅರ್ಥವನ್ನು ಪ್ರಬಂಧದಲ್ಲೇ ಎರಡು ಸಾಲಿನಲ್ಲಿ ಬರೆಯಲೇಬೇಕು. ಪುಟ ಸಾಲದು ಅಂತ ಬೇರೆ ಏನನ್ನಾದರೂ ಕತ್ತರಿಸಿ, ಈ ಎರಡು ಸಾಲನ್ನು ಬೇಡ.

ಈಗ ಟೆಂಪ್ಲೇಟಿಗೆ ಬರೋಣ. ತಾಂತ್ರಿಕ ಸಮ್ಮೇಳನಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು ಐಇಇಇ ಶೈಲಿ: ಎರಡು ಕಾಲಂ, ಹತ್ತು ಪಾಯಿಂಟ್ ಅಕ್ಷರ, ಪುಟಗಳಿಗೆ ಮಿತಿ. ಇದರಲ್ಲಿ ಚೌಕ ಕಂಸಕ್ಕೆ ಮೂರನೆಯದೊಂದು ಅರ್ಥ ಇದೆ. [7] ಅಂದರೆ ಏಳನೇ ಆಕರ ಗ್ರಂಥ. ಓದುಗರ ಕಣ್ಣು ಅದಕ್ಕೇ ಪಳಗಿರುತ್ತೆ. ಒಮ್ಮೆ ಪರಿಶೀಲಕರೊಬ್ಬರು ‘ಅನಗತ್ಯ ಬ್ರ್ಯಾಕೆಟ್‌ಗಳನ್ನು ತೆಗೆದು ಪಠ್ಯವನ್ನು ಶುದ್ಧಗೊಳಿಸಿ’ ಅಂತ ಬರೆದಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಕ್ಷೇತ್ರದಲ್ಲಿ ಅದು ಕಸವೇ. ಶಾಸನಪಾಠವನ್ನು ವಾಕ್ಯಗಳ ನಡುವೆ ಹರಿಯಬಿಡದೆ ಪ್ರತ್ಯೇಕ ಚಿತ್ರ ಅಥವಾ ಕೋಷ್ಟಕವಾಗಿ ಇಟ್ಟು, ಚಿಹ್ನೆಗಳ ವಿವರಣೆಯನ್ನು ಅದರ ಅಡಿಯಲ್ಲೇ ಕೊಡೋದು ನಾನು ಕಂಡುಕೊಂಡ ದಾರಿ.

ಲೇಟೆಕ್ ಬಳಸೋರಿಗೆ ಇನ್ನೊಂದು ಮಾತು. ಸಾಲು ಮುರಿಯಲು \\ ಹಾಕಿ, ಮುಂದಿನ ಸಾಲು [ ಇಂದ ಶುರುವಾದರೆ ಲೇಟೆಕ್ ಅದನ್ನು ಅಂತರದ ಅಳತೆ ಅಂತ ತಿಳಿದು, ಸಂಖ್ಯೆ ಎಲ್ಲಿ ಅಂತ ದೋಷ ತೋರಿಸುತ್ತೆ. ಕಲ್ಲಿನ ಎಡ ಅಂಚು ಸವೆಯೋದು ಸಾಮಾನ್ಯ, ಆದ್ದರಿಂದ ಕಂಸದಿಂದ ಶುರುವಾಗೋ ಸಾಲುಗಳೂ ಸಾಮಾನ್ಯ. ಗಡುವಿನ ರಾತ್ರಿ ಕಂಸ ಅಳಿಸಿದರೆ ದೋಷ ಮಾಯ, ಸಾಕ್ಷಿಯೂ ಮಾಯ. ಕಂಸದ ಹಿಂದೆ {} ಎಂಬ ಖಾಲಿ ಜೋಡಿ ಇಟ್ಟರೆ ಸಾಕು, ಎರಡೂ ಉಳಿಯುತ್ತವೆ. ಕನ್ನಡ ಲಿಪಿಗೆ ಹಳೆಯ ಪಿಡಿಎಫ್‌ಲೇಟೆಕ್ ಬದಲು ಝೀಲೇಟೆಕ್ ಅಥವಾ ಲುವಾಲೇಟೆಕ್ ಬಳಸಿ. ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ.

ಫಾಂಟ್ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಶಾಸನಗಳಿಗೆ ಬೇಕಾದ ಱ, ೞ ಎರಡೂ ಯೂನಿಕೋಡ್‌ನಲ್ಲಿವೆ. ತಮಾಷೆ ಅಂದರೆ, ೞಕ್ಕೆ ಅಲ್ಲಿ ‘ಫ’ ಅಂತ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸೋ ಪದ್ಧತಿ ಯೂನಿಕೋಡ್‌ನಲ್ಲಿಲ್ಲ, ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ನಕಾರಪೊಲ್ಲು ೝ ಸೇರಿದ್ದು 2021ರಲ್ಲಿ. ಎಷ್ಟೋ ಫಾಂಟ್‌ಗಳಲ್ಲಿ ಅದರ ಜಾಗದಲ್ಲಿ ಖಾಲಿ ಡಬ್ಬಿ ಕಾಣುತ್ತೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಾಠ ಕಣ್ಣಿಗೆ ಸರಿ ಕಂಡರೂ ಹುಡುಕಿದರೆ ಸಿಗೋದಿಲ್ಲ. ಸಲ್ಲಿಸುವ ಮುನ್ನ ಪಿಡಿಎಫ್‌ನಿಂದ ಪಾಠವನ್ನು ನಕಲಿಸಿ ಒಂದು ಸಾದಾ ಕಡತಕ್ಕೆ ಅಂಟಿಸಿ ನೋಡಿ. ಕಾಗುಣಿತ ಕಲಸಿಹೋಗಿದ್ದರೆ ಯೂನಿಕೋಡ್ ಪಾಠವನ್ನು ಬೇರೆ ಕಡತವಾಗಿ ಜೊತೆಗೆ ಕೊಡಿ.

ಚಿತ್ರದ ಗಾತ್ರಕ್ಕೂ ಒಂದು ಲೆಕ್ಕ ಉಂಟು. ಐಇಇಇ ಕಾಲಂನ ಅಗಲ ಮೂರೂವರೆ ಇಂಚು. ಇಂಚಿಗೆ 300 ಚುಕ್ಕಿಯಂತೆ 1,050 ಪಿಕ್ಸೆಲ್. 1.2 ಮೀಟರ್ ಅಗಲದ ಕಲ್ಲನ್ನು ಅದರಲ್ಲಿ ತುರುಕಿದರೆ ಒಂದು ಪಿಕ್ಸೆಲ್ಲಿಗೆ ಒಂದು ಮಿಲಿಮೀಟರಿಗಿಂತ ಹೆಚ್ಚು. ಕೆತ್ತನೆಯ ಗೆರೆ ಮೂರು ಮಿಲಿಮೀಟರ್ ಇದ್ದರೆ ಅದಕ್ಕೆ ಸಿಗೋದು ಎರಡು ಮೂರು ಪಿಕ್ಸೆಲ್. ಹಳೆಯ ಲಿಪಿಯಲ್ಲಿ ‘ಪ’ ಮತ್ತು ‘ಷ’ಗಳ ವ್ಯತ್ಯಾಸ ಒಳಗಿನ ಒಂದು ಅಡ್ಡಗೆರೆ ಮಾತ್ರ. ಆ ಗೆರೆ ಸವೆದೂ ಇದ್ದರೆ ಅಂಥ ಚಿತ್ರ ನೋಡಿ ಯಾರೂ ನಿಮ್ಮ ಓದನ್ನು ಪರೀಕ್ಷಿಸಲಾರರು. ಇಡೀ ಕಲ್ಲಿನ ಚಿತ್ರವನ್ನು ಎರಡೂ ಕಾಲಂಗೆ ಹರಡಿ, ವಿವಾದದ ಅಕ್ಷರವನ್ನು ಪ್ರತ್ಯೇಕವಾಗಿ ದೊಡ್ಡದು ಮಾಡಿ, ಅಳತೆಪಟ್ಟಿಯೊಂದಿಗೆ ಕೊಡಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತಲೂ ಬರೆಯಿರಿ.

ಇಷ್ಟೆಲ್ಲ ಯಾಕೆ ಅಂದರೆ, ಪ್ರಕಟವಾದ ಪಾಠವನ್ನು ಈಗ ಮನುಷ್ಯರಷ್ಟೇ ಓದೋದಿಲ್ಲ. ಕಂಪ್ಯೂಟರಿಗೆ ಹಳಗನ್ನಡ ಲಿಪಿ ಕಲಿಸೋರು ಅದನ್ನೇ ‘ಸರಿಯುತ್ತರ’ ಅಂತ ಇಟ್ಟುಕೊಳ್ತಾರೆ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. 200 ಅಕ್ಷರದ ಶಾಸನ, ಅದರಲ್ಲಿ 30 ಅಕ್ಷರ ಸಂಪಾದಕರು ತುಂಬಿಸಿದ್ದು, ಅಂದರೆ ಕಲ್ಲಿನಲ್ಲಿಲ್ಲ. ಕಂಸ, ನಕ್ಷತ್ರ ತೆಗೆದ ಪಾಠದೊಂದಿಗೆ ಹೋಲಿಸಿ ‘ನಮ್ಮ ಪದ್ಧತಿ ಶೇಕಡಾ 95 ನಿಖರ’ ಅಂತ ಒಬ್ಬರು ಬರೆಯುತ್ತಾರೆ. ಅಂದರೆ 190 ಸರಿ, 10 ತಪ್ಪು. ಆ ಹತ್ತೂ ತಪ್ಪು ಇಲ್ಲದ ಅಕ್ಷರಗಳಲ್ಲೇ ಆಗಿವೆ ಅಂದುಕೊಂಡರೂ, ಕಲ್ಲಿನಲ್ಲಿ ಇಲ್ಲದ 20 ಅಕ್ಷರಗಳನ್ನು ಯಂತ್ರ ‘ಓದಿದೆ’! ಅದು ಓದಿದ್ದು ಕಲ್ಲನ್ನಲ್ಲ, ಸಂಪಾದಕರ ಊಹೆಯನ್ನು. ನಾಳೆ ಅದೇ ಯಂತ್ರ ಇನ್ನೊಂದು ಸವೆದ ಕಲ್ಲಿನ ಮುಂದೆ ನಿಂತು, ಕಂಸವೇ ಇಲ್ಲದೆ, ಅಷ್ಟೇ ಧೈರ್ಯವಾಗಿ ‘ಶ್ರೀಪುರುಷ’ ಅನ್ನುತ್ತೆ.

ಇದಕ್ಕೆ ಪರಿಹಾರ ಇದೆ. ಎಪಿಡಾಕ್ ಎಂಬ ಪದ್ಧತಿಯಲ್ಲಿ ತುಂಬಿಸಿದ ಅಕ್ಷರ, ಅಸ್ಪಷ್ಟ ಅಕ್ಷರ, ಖಾಲಿ ಜಾಗ, ಪ್ರತಿಯೊಂದಕ್ಕೂ ಯಂತ್ರಕ್ಕೆ ತಿಳಿಯೋ ಪ್ರತ್ಯೇಕ ಗುರುತು ಉಂಟು. ಲೈಡನ್ ಪದ್ಧತಿಯನ್ನು ಆಧರಿಸಿದ್ದಾದರೂ ನಮ್ಮ ಶಾಸನಗಳಿಗೂ ಒಗ್ಗುತ್ತೆ. ಅಷ್ಟು ಬೇಡ ಅನ್ನೋರು ಕನಿಷ್ಠ ಫಲಿತಾಂಶದ ಕೋಷ್ಟಕವನ್ನು ಮೂರು ಭಾಗ ಮಾಡಲಿ: ಸ್ಪಷ್ಟ ಅಕ್ಷರ, ಮಸುಕಾದ ಅಕ್ಷರ, ತುಂಬಿಸಿದ ಅಕ್ಷರ. ಮೂರನೆಯದನ್ನು ನಿಖರತೆಯ ಲೆಕ್ಕದಿಂದ ಹೊರಗಿಡಲಿ. ಅಂಕಿ ಇಳಿಯುತ್ತೆ, ನಿಜ. ಉಳಿದ ಅಂಕಿಯನ್ನು ಮಾತ್ರ ನಂಬಬಹುದು.

ಪ್ರಬಂಧ ಕಳಿಸೋ ಮುನ್ನ ನಾನು ಮಾಡೋ ಕೊನೆಯ ಕೆಲಸ ಇಷ್ಟೇ. ಅಂತಿಮ ಪಿಡಿಎಫ್ ಅನ್ನು ಕಾಗದದ ಮೇಲೆ ಮುದ್ರಿಸಿ, ಪಡಿಯಚ್ಚಿನ ಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಗುರುತು ಹಾಕ್ತೀನಿ. ಕಲ್ಲಿನಲ್ಲಿ ಎಷ್ಟು ಸಾಲಿದೆಯೋ ಅಷ್ಟೇ ಇದೆಯಾ? ಕಿರಿದಾದ ಕಾಲಂ ಎಲ್ಲಾದರೂ ಸಾಲನ್ನು ಮುರಿದು, ಕೆತ್ತಿದವನು ಹಾಕದ ಅಡ್ಡಗೆರೆಯನ್ನು ಸೇರಿಸಿದೆಯಾ? ನನ್ನ ಕೈಬರಹದ ಪ್ರತಿಯಲ್ಲಿ ಎಷ್ಟು ಕಂಸ ಇತ್ತೋ ಅಷ್ಟೂ ಬಂದಿವೆಯಾ? ಸಣ್ಣ ವೀರಗಲ್ಲಿಗೆ ಇದು ಅರ್ಧ ಗಂಟೆಯ ಕೆಲಸ. ಕಂಸಗಳ ಲೆಕ್ಕ ಸರಿಹೋದ ಮೇಲೆಯೇ ಸಲ್ಲಿಕೆಯ ಗುಂಡಿ ಒತ್ತೋದು.