ಗಿರ್‌ನ ಸಿಂಹ ಕುನೋಗೆ ಬರಲೇ ಇಲ್ಲ

ಹೋದ ಚಳಿಗಾಲದಲ್ಲಿ ಗುಜರಾತಿನ ಗಿರ್ ಕಾಡಿಗೆ ಹೋಗಿದ್ದೆ. ಫೋಟೋ ಎಲ್ಲಿ ಅಂತ ಕೇಳಬೇಡಿ, ನನ್ನ ಕ್ಯಾಮರಾದಲ್ಲಿ ಬಂದಿರೋದೆಲ್ಲ ಒಣ ತೇಗದೆಲೆ ಮತ್ತು ಮುಂದಿನ ಜೀಪಿನ ಧೂಳು! ಸಿಂಹಿಣಿ ಒಂದು ಕಂಡಳು. ಬೇಲೂರಿನಲ್ಲಿ ಸಳನ ಎದುರು ನಿಂತ ಕಲ್ಲಿನ ಸಿಂಹ ನೋಡಿ ಬೆಳೆದವನಿಗೆ, ಹುಲ್ಲಿನ ಬಣ್ಣದಲ್ಲೇ ಮಲಗಿದ್ದ ಅವಳು ಗೈಡ್ ಬೆರಳು ತೋರಿಸುವ ತನಕ ಕಾಣಲಿಲ್ಲ. ಸ್ವಲ್ಪ ಮುಂದೆ ಹೋದರೆ ಮಾಲ್ಧಾರಿಗಳ ಎಮ್ಮೆಗಳು ಆರಾಮಾಗಿ ಮೇಯುತ್ತಿದ್ದವು.

ಒಂದು ಕಾಲಕ್ಕೆ ಪರ್ಷಿಯಾದಿಂದ ಬಿಹಾರದವರೆಗೂ ಇದ್ದ ಪ್ರಾಣಿ ಇದು. ಕೋವಿಗಳು ಬಂದ ಮೇಲೆ ಒಂದೊಂದೇ ಕಡೆ ಮುಗಿದು, 19ನೇ ಶತಮಾನದ ಕೊನೆಗೆ ಭಾರತದಲ್ಲಿ ಉಳಿದದ್ದು ಜುನಾಗಢದ ನವಾಬರ ಈ ಕಾಡಿನಲ್ಲಿ ಮಾತ್ರ. ಆಗ ಹನ್ನೆರಡೇ ಸಿಂಹ ಇದ್ದವು ಅನ್ನೋ ಲೆಕ್ಕ ಪುಸ್ತಕಗಳಲ್ಲಿ ಓಡಾಡುತ್ತದೆ. ನನಗಂತೂ ನಂಬಿಕೆ ಇಲ್ಲ. ಬೇಟೆಗೆ ಬರುವ ದೊರೆಗಳನ್ನು ದೂರ ಇಡಲು ಬೇಕೆಂದೇ ಕಡಿಮೆ ಹೇಳಿರಬಹುದು ಅನ್ನುವವರಿದ್ದಾರೆ, ಅದೇ ಸರಿ ಅನ್ನಿಸುತ್ತದೆ. 1936ರ ಎಣಿಕೆಯಲ್ಲಿ 287 ಸಿಕ್ಕವು. ಅಂತೂ ಉಳಿಸಿದ್ದು ನವಾಬರೇ, ತಮ್ಮ ಬೇಟೆಗಾಗಿಯೇ ಇರಲಿ.

ಆದರೆ ಎಲ್ಲಾ ಸಿಂಹಗಳೂ ಒಂದೇ ಕಡೆ ಇದ್ದರೆ ಒಂದು ರೋಗ ಸಾಕು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಕೆನೈನ್ ಡಿಸ್ಟೆಂಪರ್ ಅನ್ನೋ ನಾಯಿರೋಗದ ವೈರಸ್ ಸುಮಾರು ಸಾವಿರ ಸಿಂಹಗಳನ್ನು ಕೊಂದಿತು. ನಮ್ಮಲ್ಲಿ ಎರಡನೇ ಮನೆ ಮಾಡುವ ಪ್ರಯತ್ನ ಅದಕ್ಕೂ ಮುಂಚೆಯೇ ನಡೆದಿತ್ತು. 1957ರಲ್ಲಿ ಉತ್ತರಪ್ರದೇಶದ ಚಂದ್ರಪ್ರಭಾಕ್ಕೆ ಮೂರು ಸಿಂಹ ಒಯ್ದರು, ಅವು ಹನ್ನೊಂದಾದವು, ಆಮೇಲೆ ಒಂದೂ ಉಳಿಯಲಿಲ್ಲ. 1990ರ ದಶಕದಲ್ಲಿ ಮತ್ತೆ ಹುಡುಕಿ ಆರಿಸಿದ ಜಾಗ ಮಧ್ಯಪ್ರದೇಶದ ಕುನೋ.

ನನಗೆ ಸಂಕಟ ಆಗೋದು ಇಲ್ಲಿಂದ ಮುಂದೆ. ಸಿಂಹ ಬರುತ್ತದೆ ಅಂತ ಕುನೋ ಕಾಡಿನ 24 ಹಳ್ಳಿಗಳನ್ನು ಎಬ್ಬಿಸಿದರು. ಸುಮಾರು 1,500 ಕುಟುಂಬ, ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಹೊರಗೆ ಜಮೀನೇನೋ ಕೊಟ್ಟರು, ಆದರೆ ಮರದ ಅಂಟು ಬಿಡಿಸಿ ಮಾರುತ್ತಿದ್ದವರಿಗೆ ಆ ಮರಗಳು ಹಿಂದೆಯೇ ಉಳಿದವು. ಗಿರ್‌ನಲ್ಲೂ 1972ರ ನಂತರ ನೂರಾರು ಮಾಲ್ಧಾರಿ ಕುಟುಂಬಗಳನ್ನು ಹೊರಗೆ ಕಳಿಸಿದ್ದರು ನಿಜ. ಅಲ್ಲಿ ಸಿಂಹವಾದರೂ ಇತ್ತು!

ಗುಜರಾತ್ ಕೊಡಲಿಲ್ಲ. ಕುನೋ ವಿಷಯ ಎತ್ತಿದ್ದಕ್ಕೆ ನಮ್ಮ ಗೈಡ್ ಕೂಡ "ಮನೆಮಕ್ಕಳನ್ನ ಯಾರಾದ್ರೂ ಕೊಡ್ತಾರಾ ಸಾಹೇಬ್?" ಅಂದ. ಆ ಪ್ರೀತಿ ಸುಳ್ಳಲ್ಲ, ಅಲ್ಲಿನ ಜನ ಹಸು ಕಳೆದುಕೊಂಡೂ ಸಿಂಹವನ್ನು ಸಹಿಸುತ್ತಾರೆ. ಆದರೂ ಸರ್ಕಾರಕ್ಕೆ ಅದು ನೆಪವಾಗಿದ್ದು ಸರಿಯಲ್ಲ. 2013ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಆರು ತಿಂಗಳಲ್ಲಿ ಸಾಗಿಸಿ ಅಂತ ತೀರ್ಪು ಕೊಟ್ಟಿತು. ಏನೂ ಆಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಗಿರ್‌ನ ದಲ್ಖಾನಿಯಾ ವಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು. ಸತ್ತವುಗಳಲ್ಲಿ ಕೆಲವಕ್ಕೆ ತಗುಲಿದ್ದು ಅದೇ ಸೆರೆಂಗೆಟಿಯ ವೈರಸ್. ಆಗಲೂ ಸಾಗಿಸಲಿಲ್ಲ.

2022ರ ಸೆಪ್ಟೆಂಬರ್ 17ಕ್ಕೆ ಕುನೋಗೆ ಬಂದದ್ದು ನಮೀಬಿಯಾದ ಎಂಟು ಚೀತಾ. ಮರುವರ್ಷ ದಕ್ಷಿಣ ಆಫ್ರಿಕಾದಿಂದ ಇನ್ನೂ ಹನ್ನೆರಡು. ಸಮುದ್ರ ದಾಟಿ ಚೀತಾ ಬರಬಹುದು, ಪಕ್ಕದ ರಾಜ್ಯದ ಸಿಂಹ ಬರಬಾರದು! ಆ ಹಳ್ಳಿಯವರಿಗೆ ಇದನ್ನು ಹೇಗೆ ವಿವರಿಸಿದರೋ.

2025ರ ಎಣಿಕೆಯಲ್ಲಿ ಗುಜರಾತಿನ ಸಿಂಹಗಳು 891. ಅರ್ಧಕ್ಕಿಂತ ಹೆಚ್ಚು ಕಾಡಿನ ಹೊರಗೆ, ಹೊಲಗದ್ದೆಗಳ ನಡುವೆ. 2023ರಲ್ಲಿ ಪೋರಬಂದರ್ ಹತ್ತಿರದ ಬರ್ದಾ ಗುಡ್ಡಗಳಿಗೆ ಒಂದು ಸಿಂಹ ತಾನಾಗಿಯೇ ನಡೆದು ಹೋಯಿತು. ಈಗ ಅದನ್ನೇ ಎರಡನೇ ಮನೆ ಅನ್ನುತ್ತಿದ್ದಾರೆ. ಗಿರ್‌ನಿಂದ ಸಿಂಹ ನಡೆದು ಹೋಗುವಷ್ಟೇ ದೂರ.