ಕಾರಿನ ಉಸಿರು ಹಿಡಿಯುವ ಡಬ್ಬಿ

ಜೂನ್ ತಿಂಗಳ ಮೊದಲ ಮಳೆ ಮಾಟುಂಗದವರಿಗೆ ಎರಡು ಕಾರಣಗಳಿಗಾಗಿ ನೆನಪಿರುತ್ತದೆ. ಒಂದು, ಗಾಂಧಿ ಮಾರ್ಕೆಟ್ಟಿನ ಬಳಿ ನಿಲ್ಲುವ ನೀರು; ಇನ್ನೊಂದು, ಕಿಂಗ್ಸ್ ಸರ್ಕಲ್ಲಿನ ತಿರುವಿನಲ್ಲಿ ಜಾರಿ ಬೀಳುವ ಸ್ಕೂಟರುಗಳು. ಊರಿನಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಏಳುತ್ತದೆ. ಇಲ್ಲಿ ಏಳುವುದು ಎಣ್ಣೆಯ ವಾಸನೆ. ತಿಂಗಳುಗಟ್ಟಲೆ ಡಾಂಬರಿನ ಮೇಲೆ ಹನಿಹನಿಯಾಗಿ ಬಿದ್ದು ಧೂಳಿನೊಡನೆ ಅಂಟಿಕೊಂಡಿದ್ದ ಎಣ್ಣೆ, ನಾಲ್ಕು ಹನಿ ನೀರು ಸೋಕಿದೊಡನೆ ಮೇಲೆದ್ದು ಕಾಮನಬಿಲ್ಲಿನ ಬಣ್ಣ ತೋರಿಸುತ್ತದೆ. ನೋಡುವುದಕ್ಕೆ ಚೆಂದವೇ. ಅದರ ಮೇಲೆ ಬ್ರೇಕು ಹಾಕಿದವರನ್ನು ಕೇಳಬೇಕು.

ಈ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ನಾವು ಬಹಳ ವರ್ಷ ಕೇಳಿಕೊಳ್ಳಲೇ ಇಲ್ಲ. ಕೇಳಿಕೊಂಡದ್ದು ನಮ್ಮ ಮನೆಯಲ್ಲೇ ಒಂದು ಪ್ರೀಮಿಯರ್ ಪದ್ಮಿನಿ ಇದ್ದ ಕಾಲದಲ್ಲಿ, ಅದೂ ತಡವಾಗಿ.

ಪದ್ಮಿನಿಯ ವಿಷಯ ಬಂದಾಗ ಕನ್ನಡಿಗರಾದ ನಾವು ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಮುಂಬಯಿಯಲ್ಲಿ ಮೋಟಾರು ಕಾರ್ಖಾನೆಯೊಂದು ಆಗಲೇಬೇಕೆಂದು ಯೋಜನೆ ಸಿದ್ಧಪಡಿಸಿದವರು ನಮ್ಮ ವಿಶ್ವೇಶ್ವರಯ್ಯನವರು. ಆ ಕನಸನ್ನು ಕೈಗೆತ್ತಿಕೊಂಡವರು ವಾಲಚಂದ್ ಹೀರಾಚಂದ್. ಮೈಸೂರು ಸಂಸ್ಥಾನದಲ್ಲಿ ಅದನ್ನು ಕಟ್ಟುವ ಪ್ರಯತ್ನವೂ ನಡೆದು, ಬ್ರಿಟಿಷ್ ಸರಕಾರದ ಅಸಮ್ಮತಿಯಿಂದ ಮುರಿದುಬಿತ್ತು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಹುಟ್ಟಿತು. ಕಾರ್ಖಾನೆ ಎದ್ದದ್ದು ಮಾಟುಂಗದಿಂದ ಕೂಗಳತೆಯ ದೂರ ಎನ್ನಬಹುದಾದ ಕುರ್ಲಾದಲ್ಲಿ. 1964ರಲ್ಲಿ ಅಲ್ಲಿಂದ ಬಂದ ಫಿಯೆಟ್ 1100 ಡಿಲೈಟ್ ಕಾರೇ 1974ರಲ್ಲಿ ಪದ್ಮಿನಿಯೆಂದು ನಾಮಕರಣ ಮಾಡಿಕೊಂಡಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಸಾಧು ಎಂಜಿನ್ನು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಅದೇ.

ಸಾಧುವಾದರೂ ಅದಕ್ಕೆ ವಯಸ್ಸಾಗುತ್ತದೆ. ನಮ್ಮ ಗಾಡಿ ಎಣ್ಣೆ ಕುಡಿಯತೊಡಗಿದಾಗ ಗ್ಯಾರೇಜಿಗೆ ಒಯ್ದೆವು. ಮಿಸ್ತ್ರಿ ಕರಾವಳಿಯ ಕಡೆಯವರು. ಎಂಜಿನ್ನಿನಿಂದ ಏರ್ ಫಿಲ್ಟರಿಗೆ ಹೋಗುವ ರಬ್ಬರಿನ ಕೊಳವೆಯನ್ನು ಬಿಚ್ಚಿ, ಒಳಗೆ ಬೆರಳು ಹಾಕಿ, ಕಪ್ಪು ಜಿಡ್ಡನ್ನು ತೋರಿಸಿದರು. "ಎಂಜಿನ್ನಿಗೂ ಉಸಿರು ಬಿಡ್ಲಿಕ್ಕೆ ಜಾಗ ಬೇಕಲ್ಲ ಮಾರಾಯ್ರೆ" ಎಂದು ಆ ಕೊಳವೆಯ ತುದಿಯನ್ನು ಕೆಳಗೆ ರಸ್ತೆಯ ಕಡೆಗೆ ತೂಗುಬಿಟ್ಟರು. ಖರ್ಚಿಲ್ಲದ ರಿಪೇರಿ! ಮೂರು ವರ್ಷ ಹಾಗೆಯೇ ಓಡಿಸಿದೆವು.

ಮಿಸ್ತ್ರಿ ಹೇಳಿದ ಉಸಿರಿನ ಮಾತು ಮಾತ್ರ ಸುಳ್ಳಲ್ಲ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಉಂಟಾಗುವ ಒತ್ತಡ ಹೊರಗಿನ ಗಾಳಿಯದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿರಲಿ, ಸ್ವಲ್ಪ ಅನಿಲ ಅವುಗಳ ಬದಿಯಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಣ್ಣೆಯಿರುವ ಹೊಟ್ಟೆಗೆ ಇಳಿಯುತ್ತದೆ. ರಿಂಗು ಸವೆದಷ್ಟೂ ನುಸುಳುವುದು ಹೆಚ್ಚು. ಆ ಅನಿಲದಲ್ಲಿ ಉರಿಯದ ಪೆಟ್ರೋಲೂ ಇದೆ, ನೀರಿನ ಆವಿಯೂ ಇದೆ. ನೀರೆಲ್ಲಿಂದ ಎಂದು ಕೇಳಬೇಡಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇವೆಲ್ಲ ಒಳಗೇ ಉಳಿದರೆ ಎಣ್ಣೆ ಕೆಡುತ್ತದೆ, ಒತ್ತಡ ಹೆಚ್ಚಿ ಸೀಲುಗಳು ಸೋರುತ್ತವೆ. ಮಾಟುಂಗದಿಂದ ದಾದರಿಗೆ ಹೋಗಿ ಬರುವಷ್ಟೇ ಓಡುವ ಗಾಡಿಯ ಎಂಜಿನ್ನು ಸರಿಯಾಗಿ ಕಾಯುವುದೂ ಇಲ್ಲ. ಅಂಥದರ ಎಣ್ಣೆಯ ಮುಚ್ಚಳ ತೆರೆದರೆ ಮಜ್ಜಿಗೆ ಬಣ್ಣದ ಲೋಳೆ ಕಾಣಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಉಸಿರು ಹೊರಗೆ ಬರಲೇಬೇಕು. ಎಲ್ಲಿಗೆ ಎಂಬುದೇ ಪ್ರಶ್ನೆ, ಈ ಚರಿತ್ರೆಯೆಲ್ಲ ಇರುವುದು ಅದರಲ್ಲೇ.

ಮೊದಲ ಉತ್ತರ ನಮ್ಮ ಮಿಸ್ತ್ರಿಯದೇ. ಹಳೆಯ ಕಾಲದ ಕಾರುಗಳಲ್ಲಿ ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆ ನೇರವಾಗಿ ಗಾಡಿಯ ಅಡಿಗೆ ಇಳಿದಿರುತ್ತಿತ್ತು. ಗಾಡಿ ಓಡುವಾಗ ಅಡಿಯಲ್ಲಿ ಹರಿಯುವ ಗಾಳಿ ಕೊಳವೆಯ ಬಾಯಿಂದ ಆವಿಯನ್ನು ಹೀರಿಕೊಳ್ಳುತ್ತಿತ್ತು, ನಿಂತರೆ ಹೀರುವವರಿಲ್ಲ. ಆವಿಯ ಜೊತೆಗೆ ಎಣ್ಣೆಯ ತುಂತುರೂ ಹೋಗುತ್ತಿತ್ತು. ಆ ದಿನಗಳ ರಸ್ತೆಗಳ ಚಿತ್ರಗಳನ್ನು ನೋಡಿದರೆ ವಾಹನಗಳ ಪ್ರತಿಯೊಂದು ಸಾಲಿನ ನಡುವೆ ಉದ್ದಕ್ಕೂ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಅದು ಎಂಜಿನ್ನುಗಳ ಉಸಿರಿನ ಗುರುತು.

ಈ ಕೊಳವೆಗೆ ಮೊದಲು ಅಡ್ಡಿ ಬಂದದ್ದು ನೀರಿನಿಂದ. ಎರಡನೆಯ ಮಹಾಯುದ್ಧದಲ್ಲಿ ಹೊಳೆ ದಾಟಬೇಕಾದ ಸೈನ್ಯದ ಗಾಡಿಗಳಿಗೆ, ಅಡಿಯಲ್ಲಿ ಬಾಯಿ ತೆರೆದ ಕೊಳವೆ ಎಂದರೆ ಎಂಜಿನ್ನಿಗೆ ನೀರು ಕುಡಿಸುವ ದಾರಿ. ಹಾಗಾಗಿ ಹೊರಗೆ ತೆರೆಯದೆ, ಆವಿಯನ್ನು ಎಂಜಿನ್ನಿಗೇ ಮರಳಿಸುವ ಏರ್ಪಾಡು ಬಂತು. ಯುದ್ಧ ಮುಗಿದ ಮೇಲೆ ಸಾಮಾನ್ಯ ಕಾರಿನವರು ಅದನ್ನು ಮರೆತರು.

ನೆನಪಿಸಿದ್ದು ಕ್ಯಾಲಿಫೋರ್ನಿಯದ ಹೊಗೆ. ಲಾಸ್ ಏಂಜಲಿಸ್ ನಗರದಲ್ಲಿ ಜನರ ಕಣ್ಣುರಿಸುತ್ತಿದ್ದ ಮಬ್ಬಿನ ಮೂಲವನ್ನು 1950ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞರು. ಅವರು ಅದಕ್ಕೆ ಮೊದಲು ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆಂದು ಸಂಶೋಧಿಸುತ್ತಿದ್ದರು! ಹಣ್ಣಿನ ವಾಸನೆ ಹಿಡಿದ ಅದೇ ಜಾಣ್ಮೆಯಿಂದ ಊರಿನ ವಾಸನೆಯನ್ನೂ ಹಿಡಿದರು: ಉರಿಯದ ಪೆಟ್ರೋಲಿನ ಆವಿ ಬಿಸಿಲಿನಲ್ಲಿ ಬೇರೆ ಅನಿಲಗಳೊಡನೆ ಕೂಡಿ ಈ ಮಬ್ಬಾಗುತ್ತದೆ. ಕಾರು ಹೊರಹಾಕುವ ಆ ಆವಿಯಲ್ಲಿ ಐದರಲ್ಲಿ ಒಂದು ಭಾಗದಷ್ಟಾದರೂ ಹೊಗೆಕೊಳವೆಯಿಂದಲ್ಲ, ಯಾರೂ ಬಗ್ಗಿ ನೋಡದ ಈ ಕೆಳಗಿನ ಕೊಳವೆಯಿಂದ ಬರುತ್ತಿತ್ತೆಂದು ಆಮೇಲೆ ತಿಳಿಯಿತು. ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಕಾರುಗಳಿಂದ, ಅಮೆರಿಕದ ಉಳಿದೆಡೆ 1963ರಿಂದ, ಆವಿಯನ್ನು ಎಂಜಿನ್ನಿಗೇ ಮರಳಿಸಿ ಸುಡುವ ಪದ್ಧತಿ ಬಂತು. ನಡುವೆ ಸ್ಪ್ರಿಂಗಿನ ಒಂದು ಪುಟ್ಟ ವಾಲ್ವು. ಎಂಜಿನ್ನು ಸುಮ್ಮನೆ ನಿಂತು ಗುಟುರುವಾಗ ಕಡಿಮೆ ಬಿಡುತ್ತದೆ, ಓಡುವಾಗ ಹೆಚ್ಚು.

ಇದಕ್ಕೂ ಒಂದು ಕೊರತೆ ಇದೆ. ಆವಿಯೊಡನೆ ಎಣ್ಣೆಯ ತುಂತುರೂ ಮರಳಿ ಬಂದು, ಗಾಳಿ ಒಳಗೆ ಹೋಗುವ ದಾರಿಯಲ್ಲೆಲ್ಲ ಜಿಡ್ಡು ಕಟ್ಟುತ್ತದೆ. ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಪೆಟ್ರೋಲೇ ಆ ದಾರಿಯಲ್ಲಿ ಹೋಗಿ ವಾಲ್ವುಗಳನ್ನು ತೊಳೆಯುತ್ತಿತ್ತು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಈಚಿನ ಎಂಜಿನ್ನುಗಳಲ್ಲಿ ಹಾಗೆ ತೊಳೆಯುವವರಿಲ್ಲದೆ ವಾಲ್ವಿನ ಹಿಂದೆ ಮಸಿ ಗಟ್ಟಿಯಾಗುತ್ತದೆ.

ನಮ್ಮ ಡಬ್ಬಿ ಬರುವುದು ಇಲ್ಲಿ. ಆಯಿಲ್ ಕ್ಯಾಚ್ ಕ್ಯಾನ್ ಎನ್ನುತ್ತಾರೆ. ಮೋಟಾರು ಪಂದ್ಯಗಳಲ್ಲಿ ಒಬ್ಬನ ಎಣ್ಣೆಯಿಂದ ಹಿಂದಿನವನು ಜಾರಬಾರದೆಂದು, ಉಸಿರಿನ ಕೊಳವೆಯನ್ನು ಹೊರಗೆ ತೆರೆದಿಟ್ಟ ಕಾರಿಗೆ ಎಣ್ಣೆ ಹಿಡಿಯುವ ಡಬ್ಬಿ ಇರಲೇಬೇಕೆಂದು ನಿಯಮವಿದೆ: ಎರಡು ಸಾವಿರ ಸಿ.ಸಿ. ವರೆಗೆ 2 ಲೀಟರಿನದು, ಮೇಲ್ಪಟ್ಟರೆ 3 ಲೀಟರಿನದು. ಮನೆಯ ಕಾರಿನಲ್ಲಿ ಡಬ್ಬಿ ಕೂರುವುದು ಕ್ರ್ಯಾಂಕ್‌ಕೇಸಿನಿಂದ ಮರಳುವ ಕೊಳವೆಯ ನಡುವೆ. ಒಳಗೆ ಅಡ್ಡತಟ್ಟೆಗಳು, ಅಥವಾ ಪಾತ್ರೆ ಉಜ್ಜುವ ಉಕ್ಕಿನ ನಾರಿನಂಥ ಜಾಲರಿ. ವೇಗವಾಗಿ ಬಂದ ಆವಿ ವಿಶಾಲವಾದ ಡಬ್ಬಿಯಲ್ಲಿ ನಿಧಾನವಾಗುತ್ತದೆ, ತಟ್ಟೆಗಳ ನಡುವೆ ಅಡ್ಡಾದಿಡ್ಡಿ ತಿರುಗುತ್ತದೆ. ಹಗುರವಾದ ಅನಿಲ ತಿರುಗೀತು. ಭಾರವಾದ ಎಣ್ಣೆಯ ಕಣ ತಿರುಗಲಾರದೆ ಗೋಡೆಗೆ ಬಡಿದು ಅಂಟಿಕೊಳ್ಳುತ್ತದೆ. ಡಬ್ಬಿ ಎಂಜಿನ್ನಿಗಿಂತ ತಣ್ಣಗಿರುವುದರಿಂದ ನೀರಿನ ಆವಿಯೂ ಅಲ್ಲೇ ಹನಿಯಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಾಗ ಸೊರ್ರೆಂದು ಇಳಿಯುವ ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನಿಗಳು ತಳದಲ್ಲಿ ಸೇರುತ್ತವೆ. ಅನಿಲ ಮೇಲಿನಿಂದ ಎಂಜಿನ್ನಿಗೆ ಹೋಗಿ ಸುಡುತ್ತದೆ.

ಡಬ್ಬಿಯಿಂದ ಎಂಜಿನ್ನಿಗೆ ಆಯುಷ್ಯ ಬರುತ್ತದೆಂದು ಮಾರುವವರು ಹೇಳುವುದನ್ನು ನಾವು ಪೂರ್ತಿ ನಂಬುವುದಿಲ್ಲ. ಸವೆದ ರಿಂಗಿಗೆ ಅದು ಮದ್ದಲ್ಲ. ಕಾಲಕಾಲಕ್ಕೆ ಖಾಲಿ ಮಾಡದಿದ್ದರೆ ತುಂಬಿದ ಎಣ್ಣೆಯೆಲ್ಲ ಒಟ್ಟಿಗೇ ಎಂಜಿನ್ನಿಗೆ ಹೋದೀತು. ಡಬ್ಬಿಯ ಮೇಲಿನ ಬಾಯನ್ನು ಹೊರಗಿನ ಗಾಳಿಗೆ ತೆರೆದಿಡುವ ಕೆಲವರಿದ್ದಾರೆ; ಅದು ನಮ್ಮ ಮಿಸ್ತ್ರಿಯ ಕೊಳವೆಯೇ, ಅಲಂಕಾರ ಹೆಚ್ಚು ಅಷ್ಟೆ. ಇಂದಿನ ಭಾರತ್ ಸ್ಟೇಜ್ ನಿಯಮಗಳು ಪೆಟ್ರೋಲು ಕಾರಿನ ಕ್ರ್ಯಾಂಕ್‌ಕೇಸಿನ ಆವಿಯನ್ನು ಹೊರಗೆ ಬಿಡಲು ಒಪ್ಪುವುದಿಲ್ಲ.

ನಮಗೆ ಇದೆಲ್ಲ ತಿಳಿದದ್ದು ಒಂದು ಜೂನ್ ತಿಂಗಳಲ್ಲಿ. ನಮ್ಮ ಕಟ್ಟಡದ ಮೂರನೆಯ ಮಹಡಿಯ ಹುಡುಗ, ಊರಿನಿಂದ ಬಂದು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಕಿಂಗ್ಸ್ ಸರ್ಕಲ್ಲಿನಲ್ಲಿ ಸ್ಕೂಟರು ಜಾರಿ ಹೆಗಲ ಮೂಳೆ ಮುರಿದುಕೊಂಡ. ನೋಡಲು ಹೋದಾಗ ಅವನ ತಾಯಿ, "ರಸ್ತೆಗೆ ಯಾರು ಎಣ್ಣೆ ಹೊಯ್ದರೋ" ಎಂದರು. ನಮಗೆ ಉತ್ತರ ಹೇಳಲು ಆಗಲಿಲ್ಲ. ಆ ತಿರುವಿನಲ್ಲಿ ದಿನವೂ ನಮ್ಮ ಪದ್ಮಿನಿ ಹೋಗುತ್ತಿತ್ತು. ಅದೇ ವಾರ ಕೊಳವೆಯನ್ನು ಏರ್ ಫಿಲ್ಟರಿಗೆ ಮರಳಿ ಜೋಡಿಸಿ, ದುಡ್ಡು ಕೂಡಿಸಿ ರಿಂಗುಗಳನ್ನು ಬದಲಿಸಿದೆವು. ಮೊದಲೇ ಮಾಡಬೇಕಾಗಿದ್ದ ರಿಪೇರಿ ಅದು.

ಆ ಗಾಡಿ ಹೋಗಿ ಎಷ್ಟೋ ಕಾಲವಾಯಿತು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಪ್ಪತ್ತು ವರ್ಷದ ಗಡುವು ಮುಗಿದು 2023ರ ಅಕ್ಟೋಬರ್ 30ರಂದು ರಸ್ತೆ ಬಿಟ್ಟಿತು. ಈಗ ಮಗನ ಕಾರಿನಲ್ಲಿ ಒಂದು ಡಬ್ಬಿ ಇದೆ. ಮೊದಲ ಬಾರಿ ಖಾಲಿ ಮಾಡಿದಾಗ ಅರ್ಧ ಲೋಟದಷ್ಟು, ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ ಬಂತು. ಪೆಟ್ರೋಲಿನ ಕಮಟು ವಾಸನೆ. ಗಟಾರಕ್ಕೆ ಚೆಲ್ಲದೆ ಬಾಟಲಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆಯೊಡನೆ ಸರ್ವಿಸಿನವರಿಗೆ ಕೊಡುತ್ತಾನೆ. ಕಟ್ಟಡದ ಹಿಂದೆ ಪದ್ಮಿನಿ ನಿಲ್ಲುತ್ತಿದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ತಟ್ಟೆಯಗಲದ ಕಪ್ಪು ಕಲೆ ಇನ್ನೂ ಇದೆ. ಸೋಪು, ಸೋಡಾ, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿದ್ದಾಯಿತು; ಹೋಗಿಲ್ಲ.