ಥೀಮಿಗಿಂತ ಮೊದಲು ಶ್ರುತಿ: ಸೊನಾಟಾ ರೂಪದ ಚಿಂತನೆ ನಡೆದ ದಾರಿ

ಹೈಡನ್, ಮೊಝಾರ್ಟ್ ಸಿಂಫನಿಗಳ ಬಗ್ಗೆ ಕೇಳುಗರಿಗಾಗಿ ಬರೆದ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಒಂದೇ ಕಥೆ ಸಿಗುತ್ತದೆ: ಗಡುಸಾದ ಮೊದಲ ಥೀಮ್, ಕೋಮಲವಾದ ಎರಡನೆಯ ಥೀಮ್, ನಡುವೆ ಸಂಘರ್ಷ, ಕೊನೆಗೆ ರಾಜಿ. ಸೊನಾಟಾ ರೂಪವೆಂದರೆ ಇದೇ ಎಂದು ನಂಬಿ ಹೈಡನ್ನನ 104ನೆಯ ಸಿಂಫನಿಯ (1795) ಮೊದಲ ಭಾಗವನ್ನು ಕೇಳಿದವರಿಗೆ ದಾರಿ ತಪ್ಪುತ್ತದೆ. ಎರಡನೆಯ ಥೀಮನ್ನು ನಿರೀಕ್ಷಿಸುವ ಜಾಗದಲ್ಲಿ ಅಲ್ಲಿ ಮೊದಲನೆಯದೇ ಮತ್ತೆ ಬರುತ್ತದೆ. ಬದಲಾಗಿರುವುದು ಕೀ ಮಾತ್ರ: ಡಿ ಮೇಜರ್ ಇದ್ದದ್ದು ಎ ಮೇಜರ್ ಆಗಿದೆ. ತಪ್ಪು ಹೈಡನ್ನನದಲ್ಲ, ನಾವು ಕಲಿತ ಕಥೆಯದು.

ಮಿಲಾನಿನ ಸಮ್ಮಾರ್ತಿನಿ, ಮ್ಯಾನ್‌ಹೈಮಿನ ಸ್ಟಾಮಿಟ್ಸ್, ವಿಯೆನ್ನಾದ ವಾಗೆನ್‌ಸೈಲ್ ಮುಂತಾದವರ ಕೈಯಲ್ಲಿ ಈ ರೂಪ ಬೆಳೆಯುತ್ತಿದ್ದಾಗ ಅದಕ್ಕೊಂದು ಹೆಸರೇ ಇರಲಿಲ್ಲ. 1782ರಿಂದ 1793ರವರೆಗೆ ಮೂರು ಸಂಪುಟಗಳಲ್ಲಿ ಸಂಯೋಜನೆಯ ಪಾಠ ಬರೆದ ಹೈನ್‌ರಿಖ್ ಕೋಖ್ ಸಿಂಫನಿಯ ಆಲೆಗ್ರೊವನ್ನು ಎರಡು ಭಾಗಗಳೆಂದು ವಿವರಿಸಿದ. ಮೂಲ ಕೀಯಿಂದ ಯಾವ ಕೀಗೆ ಹೋಗಬೇಕು, ಯಾವ ಮುಕ್ತಾಯದ ಮೇಲೆ ನಿಲ್ಲಬೇಕು ಎಂಬುದೇ ಅವನ ಲೆಕ್ಕ. 1796ರಲ್ಲಿ ಗಲೆಯಾತ್ಸಿ ಎರಡನೆಯ ರಾಗಖಂಡದ ಲಕ್ಷಣವನ್ನೂ ಸೇರಿಸಿದ. 1845ರ ಹೊತ್ತಿಗೆ ಎ. ಬಿ. ಮಾರ್ಕ್ಸ್ ಬೆಥೋವನ್ನನನ್ನೇ ಮಾದರಿಯಾಗಿಟ್ಟು ಸೊನಾಟಾ ರೂಪವನ್ನು ಪಠ್ಯಕ್ಕೆ ತಂದ. ಮೊದಲ ಥೀಮ್ ಗಂಡು, ಎರಡನೆಯದು ಹೆಣ್ಣು ಎಂಬ ಮಾತು ಅವನದೇ. ಮಾರ್ಕ್ಸ್ ಸೂಕ್ಷ್ಮ ಮನಸ್ಸಿನವನು, ಅವನ ವಾಕ್ಯವನ್ನು ಅಚ್ಚಾಗಿಸಿಕೊಂಡವರು ಅಷ್ಟು ಸೂಕ್ಷ್ಮರಲ್ಲ. ಆಮೇಲಿನ ಹಲವು ದಶಕಗಳ ಪಠ್ಯಪುಸ್ತಕಗಳನ್ನು ದಾಟಿ ಮುಂದೆ ಹೋಗಬಹುದು.

ಗಾಳಿ ಮತ್ತೆ ಬೀಸಿದ್ದು ಡೊನಾಲ್ಡ್ ಟೋವಿಯಿಂದ. ಅಚ್ಚುಗಳನ್ನು ಬದಿಗಿಟ್ಟು ಒಂದೊಂದು ಕೃತಿಯನ್ನೂ ಅದು ಕಿವಿಗೆ ಬೀಳುವ ಕ್ರಮದಲ್ಲೇ ಓದಬೇಕೆಂದು 1930ರ ದಶಕದಲ್ಲಿ ಪ್ರಕಟವಾದ ಅವನ ಪ್ರಬಂಧಗಳು ತೋರಿಸಿದವು. ಲಿಯೊನಾರ್ಡ್ ರ‍್ಯಾಟ್ನರ್ 1949ರ ಲೇಖನದಲ್ಲಿ ಕೋಖ್ ಮತ್ತವನ ಸಮಕಾಲೀನರ ಕಡೆಗೆ ತಿರುಗಿ, ಈ ರೂಪದ ಬುನಾದಿ ಥೀಮಲ್ಲ, ಹಾರ್ಮನಿ ಎಂದ. 1963ರಲ್ಲಿ ಡೆನ್ಮಾರ್ಕಿನ ಯೆನ್ಸ್ ಪೀಟರ್ ಲಾರ್ಸನ್, ಹೈಡನ್ನನ ಎಷ್ಟೋ ಎಕ್ಸ್‌ಪೊಸಿಷನ್‌ಗಳು (ಥೀಮುಗಳನ್ನು ಮೊದಲು ಮಂಡಿಸುವ ಭಾಗಗಳು) ಎರಡು ಥೀಮಿನ ಚೌಕಟ್ಟಿಗೆ ಹೊಂದುವುದಿಲ್ಲ, ನಡುವೆ ಬಿಚ್ಚಿಕೊಳ್ಳುತ್ತಾ ಹೋಗುವ ಒಂದು ದೀರ್ಘ ಹರಹು ಇರುತ್ತದೆ ಎಂದ. ಇದಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ನಮ್ಮ ತಲೆಮಾರಿನ ಕಿವಿ ತೆರೆಸಿದ್ದು ಚಾರ್ಲ್ಸ್ ರೋಸನ್. ಆತ ಮೊದಲು ಪಿಯಾನೊ ವಾದಕ, ಆಮೇಲೆ ಲೇಖಕ. ‘ದಿ ಕ್ಲಾಸಿಕಲ್ ಸ್ಟೈಲ್’ (1971), ‘ಸೊನಾಟಾ ಫಾರ್ಮ್ಸ್’ (1980) ಇವೆರಡರ ಹಿಂದೆಯೂ ನುಡಿಸಿದ ಬೆರಳುಗಳ ಅನುಭವವಿದೆ. ಮೂಲ ಕೀಯನ್ನು ಬಿಟ್ಟು ಇನ್ನೊಂದರಲ್ಲಿ ನೆಲೆಸುವುದೇ ಇಡೀ ಕೃತಿಯ ಮೇಲೆ ಚಾಚಿಕೊಂಡ ಒಂದು ದೊಡ್ಡ ಅಪಸ್ವರ, ಹೊರಗೆ ಹುಟ್ಟಿದ್ದನ್ನು ಕೊನೆಯಲ್ಲಿ ಮನೆಗೆ ಕರೆತರಲೇಬೇಕು ಎಂಬುದು ಅವನ ವಾದ. ಮೊಝಾರ್ಟನ 40ನೆಯ ಸಿಂಫನಿ (1788) ಇದಕ್ಕೆ ಒಳ್ಳೆಯ ಸಾಕ್ಷಿ. ಬಿ ಫ್ಲ್ಯಾಟ್ ಮೇಜರ್‌ನಲ್ಲಿ ಸಮಾಧಾನದಿಂದ ಬಂದ ಎರಡನೆಯ ಥೀಮ್ ರಿಕ್ಯಾಪಿಚುಲೇಷನ್ನಿನಲ್ಲಿ (ಕೊನೆಯ ಮರುಮಂಡನೆಯಲ್ಲಿ) ಜಿ ಮೈನರ್‌ಗೆ ಇಳಿಯುತ್ತದೆ. ಸ್ವರಗಳ ಏರಿಳಿತ ಹೆಚ್ಚುಕಡಿಮೆ ಅದೇ, ಆದರೆ ಹಿಂದಿನ ನೆಮ್ಮದಿ ಉಳಿದಿಲ್ಲ. ‘ಗಂಡು–ಹೆಣ್ಣು’ ಕಥೆ ಈ ನೋವಿನ ಹತ್ತಿರಕ್ಕೂ ಹೋಗಲಾರದು. ಅದೇ ಕಾಲದಲ್ಲಿ ರಾಬಿನ್ಸ್ ಲ್ಯಾಂಡನ್ ಸಂಪಾದಿಸಿದ ಸ್ಕೋರುಗಳೂ ಆಂಟಾಲ್ ಡೊರಾಟಿ 1969–72ರಲ್ಲಿ ಧ್ವನಿಮುದ್ರಿಸಿದ ಹೈಡನ್ ಸಿಂಫನಿಗಳ ಪೂರ್ಣ ಸರಣಿಯೂ ಬಂದವು. ಓದಿದ್ದನ್ನು ಕೇಳಿ ಪರೀಕ್ಷಿಸುವ ಭಾಗ್ಯ ಮೊದಲ ಬಾರಿಗೆ ಸಾಮಾನ್ಯ ಕೇಳುಗರ ಪಾಲಿಗೂ ಬಂತು.

ಮುಂದಿನವರಲ್ಲಿ ವಿಲಿಯಂ ಕ್ಯಾಪ್ಲಿನ್ (1998) ಪದಗುಚ್ಛಗಳ ವ್ಯಾಕರಣವನ್ನು ಬಿಗಿಯಾಗಿ ಕಟ್ಟಿಕೊಟ್ಟ. ಹೆಪೊಕೊಸ್ಕಿ–ಡಾರ್ಸಿ ಜೋಡಿ (2006) ಸಂಯೋಜಕನ ಮುಂದಿದ್ದ ರೂಢಿಯ ಆಯ್ಕೆಗಳನ್ನೂ ಅವನು ಅವುಗಳಿಂದ ಸರಿದ ಕಡೆಗಳನ್ನೂ ಗುರುತಿಸಿತು. ಎರಡೂ ಉಪಯುಕ್ತ. ಆದರೆ ಹೈಡನ್ನನ 45ನೆಯ ಸಿಂಫನಿಯ (1772) ಡೆವಲಪ್‌ಮೆಂಟಿನ (ಥೀಮುಗಳನ್ನು ಬಿಡಿಸಿ ಬೆಳೆಸುವ ನಡುಭಾಗ) ನಡುವೆ ಇದ್ದಕ್ಕಿದ್ದಂತೆ ಡಿ ಮೇಜರ್‌ನಲ್ಲಿ ಮೂಡಿ, ಮತ್ತೆಂದೂ ಮರಳದ ಆ ರಾಗದ ಮುಂದೆ ಪಾರಿಭಾಷಿಕ ಪದಗಳ ದಂಡು ನನಗೆ ಭಾರವೆನಿಸುತ್ತದೆ.

ಹದಿನೆಂಟನೆಯ ಶತಮಾನದ ಸಿಂಫನಿಗಳು 16,000ಕ್ಕೂ ಹೆಚ್ಚಿವೆ ಎಂಬುದನ್ನು ಜ್ಯಾನ್ ಲಾರೂ ಪಟ್ಟಿ ಮಾಡಿ ತೋರಿಸಿದ. ಆದರೆ ನಮ್ಮ ಸಿದ್ಧಾಂತಗಳು ಬಹುಮಟ್ಟಿಗೆ ನಿಂತಿರುವುದು ಹೈಡನ್, ಮೊಝಾರ್ಟ್, ಬೆಥೋವನ್ ಈ ಮೂವರ ಕೃತಿಗಳ ಮೇಲೆ. ಕೊರತೆ ಇನ್ನೊಂದೂ ಇದೆ: ಎರಡೂ ಭಾಗಗಳನ್ನು ಮರುನುಡಿಸಲು ಸ್ವರಲಿಪಿಯಲ್ಲೇ ಗುರುತಿರುವ ಎಷ್ಟೋ ಸಿಂಫನಿಗಳಲ್ಲಿ ಎರಡನೆಯ ಪುನರಾವರ್ತನೆಯನ್ನು ವಾದ್ಯವೃಂದಗಳು ಬಿಟ್ಟುಬಿಡುತ್ತವೆ. ರೂಪದ ಅಳತೆಯೇ ಬದಲಾಗುವ ಈ ವಿಷಯದ ಚರ್ಚೆ ಸಾಲದು.

ಕೇಳುಗನ ಬಗ್ಗೆ ಬರೆದದ್ದೂ ಸಾಲದು. ಈ ಬರಹಗಳೆಲ್ಲ ಯುರೋಪಿನ ಹಾರ್ಮನಿಯಲ್ಲಿ ಬೆಳೆದ ಕಿವಿಯೊಂದನ್ನು ಊಹಿಸಿಕೊಂಡಿವೆ. ಕರ್ನಾಟಕ ಸಂಗೀತದಲ್ಲಿ ಪಳಗಿದವರಿಗೆ 104ನೆಯ ಸಿಂಫನಿಯನ್ನು ಥೀಮುಗಳ ಮಾತೆತ್ತದೆ ಕೇಳಿಸಿದ್ದೇನೆ. ಡಿ ಮೇಜರ್ ಅವರಿಗೆ ಶಂಕರಾಭರಣ. ಎ ಮೇಜರ್ ಕಡೆಗೆ ಸರಿಯುವಾಗ ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿ ಮಧ್ಯಮ ಬಂದು ಕಲ್ಯಾಣಿಯ ಛಾಯೆ ಕಾಣುತ್ತದೆ. ನಂತರ ಪಂಚಮವೇ ಷಡ್ಜವಾಗಿ ನಿಂತು, ಅದೇ ಥೀಮ್ ಮತ್ತೆ ಶಂಕರಾಭರಣವಾಗುತ್ತದೆ. ಗ್ರಹಭೇದ ಬಲ್ಲವರು ಇದನ್ನು ತಕ್ಷಣ ಹಿಡಿದರು. ತಂಬೂರಿಯಿಲ್ಲದ್ದರಿಂದ ಹಳೆಯ ಷಡ್ಜ ಎಲ್ಲಿ ಹೋಯಿತೆಂಬ ಕಳವಳವೂ ಅವರಿಗಿತ್ತು. ರೋಸನ್ ಹೇಳುವ ದೊಡ್ಡ ಅಪಸ್ವರಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿಯನ್ನು ನಾನು ಕಂಡಿಲ್ಲ. ನಮ್ಮ ಸಂಗೀತ ವಿಭಾಗಗಳು ಸ್ಥಿರ ಶ್ರುತಿಯ ಈ ಕಿವಿಯಿಂದ ಸೊನಾಟಾ ರೂಪದ ಅಧ್ಯಯನವನ್ನು ಆರಂಭಿಸಬಹುದು. ಅದಕ್ಕೆ ಬೇಕಾದ ಸ್ಕೋರುಗಳು, ಧ್ವನಿಮುದ್ರಿಕೆಗಳು ಇಲ್ಲೇ ಇವೆ, ಕೇಳುಗರೂ ಇಲ್ಲೇ ಇದ್ದಾರೆ.